ಹಸಿರು-ಹಳದಿ ತಂತಿ

ಫಹಾಹೀಲಿನ ಅಂಗಡಿಯವನು ಮೊದಲು ತೋರಿಸಿದ್ದು
ಅಂಗೈಯಗಲದ ಬಿಳಿ ಡಬ್ಬಿ.
"ಟ್ಯಾಂಕಿಲ್ಲ, ಕಾಯುವುದಿಲ್ಲ, ತಿರುಗಿಸಿದರೆ ಬಿಸಿ. ಒಂಬತ್ತು ದಿನಾರ್."
ಉಮಾಕಾಂತನ ಕಣ್ಣು ಒಂಬತ್ತರ ಮೇಲೇ ಕೂತಿತು.
ನಾನು ಡಬ್ಬಿ ಮಗುಚಿ ಬೆನ್ನಿನ ಸಣ್ಣಕ್ಷರ ಓದಿದೆ:
ಐದೂವರೆ ಕಿಲೋವಾಟ್.
ನಮ್ಮ ಬಚ್ಚಲಿಗೆ ಬರುವ ತಂತಿ ಯಾವ ಕಾಲದ್ದೋ,
ಅಷ್ಟು ಹೊರೆ ಹೊರಿಸಿದರೆ
ಗೋಡೆಯೊಳಗೇ ಬೇಯುತ್ತದೆ,
ನಮಗೆ ವಾಸನೆಯಷ್ಟೇ ಬರುತ್ತದೆ, ಅದೂ ತಡವಾಗಿ.

"ಆ ಮೂಲೆಯ ಮೂವತ್ತು ಲೀಟರಿನದು ಕೊಡಿ.
ನಿಧಾನ ಕಾಯಲಿ, ನಮಗೇನು ರೈಲು ಹಿಡಿಯಬೇಕೆ?
ಈ ದೇಶದಲ್ಲಿ ರೈಲೇ ಇಲ್ಲ."
ಅಂಗಡಿಯವನು ಗಂಡನ ಮುಖ ನೋಡಿದ.
ಗಂಡ ಫ್ಯಾನ್ ನೋಡಿದ.

ಹದಿನೆಂಟು ದಿನಾರ್. ಸೇಫ್ಟಿ ವಾಲ್ವ್ ಬೇರೆ, ಒಂದೂಕಾಲು.
"ಅದು ಬಿಡಿ ಮೇಡಂ, ಯಾರೂ ಹಾಕಿಸುವುದಿಲ್ಲ."
ಯಾರೂ ಹಾಕಿಸದ್ದನ್ನು
ತಿರುಗಿಸಿ, ಊದಿ ನೋಡಿ, ಚೀಲಕ್ಕೆ ಹಾಕಿಕೊಂಡೆ.

ನಾನು ಲೈನ್‌ಮನ್ ಮಗಳು.
ಅಂಕೋಲೆಯ ಕಂಬಗಳನ್ನು ಹೆಸರು ಹಿಡಿದು ಬೈಯುತ್ತಿದ್ದ ಅಪ್ಪನಿಗೆ
ಬಲಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ.
ಆ ಕೈಯಲ್ಲೇ ಅನ್ನ ಕಲೆಸುತ್ತ ಹೇಳಿದ್ದ:
"ನೀರಿಗೂ ಕರೆಂಟಿಗೂ ಒಂದೇ ಚಾಳಿ, ದಾರಿ ಹುಡುಕ್ತವೆ.
ನೀ ದಾರಿ ಆಗ್ಬೇಡ."

ಶುಕ್ರವಾರ ಕಟ್ಟಡದ ಹಾರಿಸ್ ಕಳಿಸಿದ ಶಫೀಕುಲ್ ಬಂದ.
ಮೇನ್ ಆರಿಸದೆಯೇ ತಿರುಪು ಬಿಚ್ಚತೊಡಗಿದ.
"ಆರಿಸು."
"ಐದು ನಿಮಿಷದ ಕೆಲಸ, ಭಾಬಿ."
ನಾನೇ ಹೋಗಿ ಆರಿಸಿದೆ.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.
ಒಳಕೋಣೆಯಿಂದ ಉಮಾಕಾಂತನ "ಅಯ್ಯೋ!"
ಹದಿನೇಳು ರನ್ ಬೇಕಿತ್ತಂತೆ.

ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ಇತ್ತು, ಕಪ್ಪು ಇತ್ತು.
ಹಸಿರು-ಹಳದಿಯ ತುದಿಗೆ ಟೇಪು ಸುತ್ತಿ ಮಡಚಿಟ್ಟಿದ್ದರು.
ಎಳೆದೆ. ಬಂತು.
ಮತ್ತೆ ಎಳೆದೆ. ಗೇಣುದ್ದ ಬಂದು
ಆಚೆಯ ತುದಿಯೂ ಕೈಗೇ ಬಂತು.
ಎಲ್ಲಿಗೂ ಹೋಗಿರಲಿಲ್ಲ ಅದು.
ಇಷ್ಟು ವರ್ಷ ಇಲ್ಲಿ ಮಿಂದವರೆಲ್ಲ
ಅರ್ತ್ ಇದೆಯೆಂದೇ ಮಿಂದು ಹೋಗಿದ್ದರು.

ಶಫೀಕುಲ್ ಅದನ್ನು ಬೆರಳಿಗೆ ಸುತ್ತಿಕೊಂಡ.
ಅವನ ಕೋಣೆಯಲ್ಲಿ ಎಂಟು ಜನ, ಒಂದು ಹೀಟರ್.
ಷವರಿನ ಕೊಳವೆ ಮುಟ್ಟಿದರೆ ಇರುವೆ ಕಚ್ಚಿದ ಹಾಗೆ.
"ನಾವು ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುತ್ತೇವೆ," ಎಂದ,
ರೂಮಿನ ನಿಯಮ ಹೇಳುವ ಹಾಗೆ.

ಐದು ನಿಮಿಷದ ಕೆಲಸ ಸಂಜೆಯವರೆಗೆ ನಡೆಯಿತು.
ಮೇನ್ ಬೋರ್ಡಿನಿಂದ ಹೊಸ ತಂತಿ, ಅದಕ್ಕೊಂದು ಬ್ರೇಕರ್,
ಸ್ವಿಚ್ಚು ಬಚ್ಚಲ ಹೊರಗೆ, ಒದ್ದೆ ಕೈಗೆ ಎಟುಕದಲ್ಲಿ.
ನಾಲ್ಕು ಬೋಲ್ಟು, ಗಟ್ಟಿ ಗೋಡೆಗೆ;
ತುಂಬಿದ ಹೊಟ್ಟೆ ಬಹಳ ಭಾರ.
ಮೊದಲು ನೀರು, ಆಮೇಲೆ ಕರೆಂಟು:
ಬಿಸಿ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಸರಾಗ ಹರಿಯಿತು.
ಪರೀಕ್ಷೆಯ ಗುಂಡಿ ಒತ್ತಿದೆ.
ಟಕ್.
ಮತ್ತೊಮ್ಮೆ ಒತ್ತಿದೆ, ಕೇಳಲಿಕ್ಕೆಂದೇ.

ಕಾಯುವಾಗ ವಾಲ್ವು ತೊಟ್ಟಿಕ್ಕುತ್ತದೆ.
ಸೋರುತ್ತಿದೆ, ಹೊಸದರಲ್ಲೇ ಹಾಳು, ಎಂದ ಉಮಾಕಾಂತ.
ಉಸಿರಾಡುತ್ತಿದೆ, ಎಂದೆ, ಕೆಳಗೊಂದು ಚೊಂಬಿಟ್ಟೆ.

ಹೊರಟವನಿಗೆ ಕೂಲಿ ಕೊಟ್ಟು
ಉಳಿದ ಹಸಿರು-ಹಳದಿ, ಹತ್ತು ಮೀಟರ್, ಸುರುಳಿ ಸುತ್ತಿ
ಚೀಲಕ್ಕೆ ಹಾಕಿದೆ.
ಬೇಡ ಎನ್ನಲಿಲ್ಲ.
ಹಾಕಿಸಿದನೋ ಇಲ್ಲವೋ, ಕೇಳಲು ಆಮೇಲೆ ಸಿಗಲಿಲ್ಲ.

ಈಗ ಜೂನ್.
ತಾರಸಿಯ ಟ್ಯಾಂಕ್ ಕುದಿಯುತ್ತಿದೆ,
ನೀಲಿ ನಲ್ಲಿಯ ನೀರಿಗೆ ಚಹಾಪುಡಿ ಹಾಕುವುದೊಂದೇ ಬಾಕಿ.
ಹೀಟರ್ ಆರಿಸಿ ವಾರಗಳಾದವು.
ಮನೆಯೊಳಗಿನ ತಂಪಿಗೆ ರಾತ್ರಿಯಿಡೀ ನಿಂತು
ಅದರ ಹೊಟ್ಟೆಯಲ್ಲೀಗ ತಣ್ಣೀರು,
ಕೆಂಪು ನಲ್ಲಿಯಲ್ಲಿ ಮಾತ್ರ ಬರುತ್ತದೆ,
ಮೂವತ್ತೇ ಲೀಟರ್.
ಉಮಾಕಾಂತ ಮೊದಲೇ ನುಗ್ಗಿ ಚಿಲಕ ಹಾಕಿ
ಎಲ್ಲವನ್ನೂ ಮರೆತು ಹಾಡುತ್ತಾನೆ.
ಹೊರಗೆ ಟವೆಲು ಹೊತ್ತು ಬಾಗಿಲು ಬಡಿಯುತ್ತೇನೆ:
"ಹದಿನೈದು ನನ್ನದು! ಕೇಳಿಸಿತಾ? ಹದಿನೈದು!"